ತೋಳಿನ ಮೇಲಿನ ಪುಟ್ಟ ಕಲೆ ಮತ್ತು ಆಲ್ಬರ್ಟ್ ಕಾಲ್ಮೆಟ್

ಮಕ್ಕಳೇ, ನಿಮ್ಮ ಎಡಗೈಯ ಅಂಗಿಯ ತೋಳನ್ನು ಭುಜದವರೆಗೆ ಮೇಲಕ್ಕೆ ಸರಿಸಿ ನೋಡಿ. ಭುಜದ ಸ್ವಲ್ಪ ಕೆಳಗೆ ಹೆಸರುಕಾಳಿನಷ್ಟು ಅಗಲದ ಒಂದು ಗುಂಡನೆಯ ಕಲೆ ಕಾಣುತ್ತದೆಯೇ? ಪಕ್ಕದಲ್ಲಿ ಕುಳಿತ ಗೆಳೆಯನ ತೋಳಿನಲ್ಲೂ ಅದೇ ಜಾಗದಲ್ಲಿ ಅಂಥದೇ ಕಲೆ ಇರಬಹುದು. ಸಾಗರದ ಪೇಟೆಯಲ್ಲಿ ಹುಟ್ಟಿದವರಿಗೂ, ಹೊಸನಗರದ ಕಾಡಂಚಿನ ಒಂಟಿ ಮನೆಯ ಮಕ್ಕಳಿಗೂ, ತೀರ್ಥಹಳ್ಳಿಯ ತುಂಗಾ ತೀರದ ಮಕ್ಕಳಿಗೂ ಈ ಕಲೆ ಒಂದೇ ರೀತಿ. ಅದು ಗಾಯದ ಗುರುತಲ್ಲ, ಮಚ್ಚೆಯೂ ಅಲ್ಲ. ನೀವು ಹುಟ್ಟಿದ ಕೆಲವೇ ದಿನಗಳಲ್ಲಿ ನಿಮಗೆ ಹಾಕಿದ ಬಿ.ಸಿ.ಜಿ. ಲಸಿಕೆಯ ಗುರುತು.

ಬಿ.ಸಿ.ಜಿ. ಎಂಬ ಮೂರು ಅಕ್ಷರಗಳಲ್ಲಿ ಇಬ್ಬರು ಮನುಷ್ಯರ ಹೆಸರು ಅಡಗಿದೆ. ಬಿ ಎಂದರೆ ಬ್ಯಾಸಿಲಸ್, ಅಂದರೆ ಕಡ್ಡಿಯಾಕಾರದ ಬ್ಯಾಕ್ಟೀರಿಯ. ಸಿ ಎಂದರೆ ಕಾಲ್ಮೆಟ್. ಜಿ ಎಂದರೆ ಗೆರಾನ್. ಇವರಲ್ಲಿ ಮೊದಲನೆಯವರಾದ ಆಲ್ಬರ್ಟ್ ಕಾಲ್ಮೆಟ್ ಅವರ ಜೀವನಕಥೆಯನ್ನು ಇಲ್ಲಿ ಓದೋಣ. ಈ ಕಥೆಯಲ್ಲಿ ಹಡಗುಗಳಿವೆ, ನಾಗರಹಾವುಗಳಿವೆ, ಆಲೂಗಡ್ಡೆಯ ಹೋಳುಗಳಿವೆ. ಒಂದು ದೊಡ್ಡ ದುಃಖವೂ ಇದೆ.

ಸಮುದ್ರದ ಕನಸು ಕಂಡ ಹುಡುಗ

ಆಲ್ಬರ್ಟ್ ಕಾಲ್ಮೆಟ್ ಹುಟ್ಟಿದ್ದು 1863ರ ಜುಲೈ 12ರಂದು, ಫ್ರಾನ್ಸ್ ದೇಶದ ನೀಸ್ ಎಂಬ ಕಡಲತೀರದ ಊರಿನಲ್ಲಿ. ಅವರ ತಂದೆ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಹುಡುಗನಿಗೆ ನಾವಿಕನಾಗಬೇಕು, ಹಡಗಿನಲ್ಲಿ ಲೋಕ ಸುತ್ತಬೇಕು ಎಂಬ ಆಸೆ. ಆದರೆ ಹದಿಹರೆಯದಲ್ಲಿ ವಿಷಮಶೀತ ಜ್ವರ ಬಂತು. ಅದು ಬ್ಯಾಕ್ಟೀರಿಯದಿಂದ ಬರುವ ಜ್ವರ. ಆ ಕಾಲದಲ್ಲಿ ಅದಕ್ಕೆ ಸರಿಯಾದ ಔಷಧವಿರಲಿಲ್ಲ. ಹುಡುಗ ಬದುಕಿ ಉಳಿದನು, ಆದರೆ ನೌಕಾಶಾಲೆಗೆ ಸೇರುವ ಆಸೆ ಕೈಗೂಡಲಿಲ್ಲ.

ಆಸೆಯನ್ನು ಪೂರ್ತಿ ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಹಡಗು ನಡೆಸಲಾಗದಿದ್ದರೂ ಹಡಗಿನಲ್ಲಿ ವೈದ್ಯನಾಗಬಹುದಲ್ಲವೆ? 1881ರಲ್ಲಿ ಬ್ರೆಸ್ಟ್ ಎಂಬ ಬಂದರು ಪಟ್ಟಣದ ನೌಕಾ ವೈದ್ಯಶಾಲೆಗೆ ಸೇರಿದರು. ಎರಡು ವರ್ಷಗಳ ನಂತರ ನೌಕಾಪಡೆಯೊಂದಿಗೆ ಹಾಂಗ್‌ಕಾಂಗ್ ಕಡೆಗೆ ಹೊರಟರು. ಅಲ್ಲಿ ಆನೆಕಾಲು ರೋಗದ ಬಗ್ಗೆ ಅಧ್ಯಯನ ಮಾಡಿದರು. ಆಮೇಲೆ ಆಫ್ರಿಕದ ಗಬೊನ್ ಮತ್ತು ಕಾಂಗೊ ಪ್ರದೇಶಗಳಲ್ಲಿ ಮಲೇರಿಯ ಮತ್ತು ನಿದ್ರಾರೋಗಗಳನ್ನು ಹತ್ತಿರದಿಂದ ಕಂಡರು.

ಅಲ್ಲಿಂದ ಅವರನ್ನು ಉತ್ತರ ಅಮೆರಿಕದ ತೀರದ ಪುಟ್ಟ ಫ್ರೆಂಚ್ ದ್ವೀಪಗಳಿಗೆ ಕಳಿಸಿದರು. ಅಲ್ಲಿನ ಜನರ ಕಸುಬು ಮೀನು ಹಿಡಿದು ಉಪ್ಪು ಹಾಕಿ ಒಣಗಿಸಿಡುವುದು. ಆ ಮೀನು ಆಗಾಗ ಕೆಂಪು ಬಣ್ಣಕ್ಕೆ ತಿರುಗಿ ಕೆಡುತ್ತಿತ್ತು. ಕಾಲ್ಮೆಟ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದಕ್ಕೆ ಕಾರಣ ಒಂದು ಸೂಕ್ಷ್ಮಾಣುಜೀವಿ ಎಂದು ತಿಳಿಯಿತು. ಅದು ಬರುತ್ತಿದ್ದುದು ಮೀನಿಗೆ ಹಾಕುವ ಉಪ್ಪಿನಿಂದಲೇ! ಕಣ್ಣಿಗೆ ಕಾಣದ ಜೀವಿಗಳ ಲೋಕ ಅವರನ್ನು ಸೆಳೆದುಬಿಟ್ಟಿತು. ಊರಿಗೆ ಮರಳಿದವರೇ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಎಮಿಲ್ ರೂ ಎಂಬ ವಿಜ್ಞಾನಿಯ ಬಳಿ ಪಾಠ ಕಲಿಯಲು ಕುಳಿತರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ಅವರ ಹೆಸರು ನಿಮಗೆ ಗೊತ್ತು. ಆಗ ಅವರು ವೃದ್ಧರಾಗಿದ್ದರು. ಅವರ ಮೆಚ್ಚುಗೆ ಈ ಯುವ ವೈದ್ಯನ ಮೇಲೆ ಬಿತ್ತು.

ಪೀಪಾಯಿಯಲ್ಲಿ ಬಂದ ನಾಗರಹಾವುಗಳು

1891ರಲ್ಲಿ ಕಾಲ್ಮೆಟ್ ಸೈಗಾನ್‌ಗೆ ಹೋದರು. ಇದು ಈಗಿನ ವಿಯೆಟ್ನಾಂ ದೇಶದಲ್ಲಿದೆ. ಅಲ್ಲಿ ಹೊಸದೊಂದು ಪಾಶ್ಚರ್ ಸಂಸ್ಥೆಯನ್ನು ಕಟ್ಟುವ ಹೊಣೆ ಅವರದಾಗಿತ್ತು. ಸಿಡುಬಿನ ಲಸಿಕೆಯನ್ನು ಯೂರೋಪಿನಿಂದ ತರಿಸಿದರೆ ದಾರಿಯ ಸೆಕೆಗೆ ಅದು ಕೆಟ್ಟುಹೋಗುತ್ತಿತ್ತು. ಆದ್ದರಿಂದ ಅಲ್ಲಿನ ಎಮ್ಮೆಕರುಗಳನ್ನೇ ಬಳಸಿ ಲಸಿಕೆ ತಯಾರಿಸತೊಡಗಿದರು.

ಆ ವರ್ಷದ ಅಕ್ಟೋಬರ್‌ನಲ್ಲಿ ಜೋರು ಮಳೆ. ಬಾಕ್ ಲಿಯು ಎಂಬ ಕಡೆಯ ಹಳ್ಳಿಯೊಂದಕ್ಕೆ ನೀರು ನುಗ್ಗಿತು. ಬಿಲಗಳಲ್ಲಿದ್ದ ನಾಗರಹಾವುಗಳು ಒಣ ಜಾಗ ಹುಡುಕುತ್ತಾ ಗುಡಿಸಲುಗಳಿಗೆ ನುಗ್ಗಿದವು. ನಲವತ್ತು ಜನರಿಗೆ ಕಚ್ಚಿದವು, ಅವರಲ್ಲಿ ನಾಲ್ವರು ಸತ್ತರು. ಆ ಊರಿನ ಹಾವಾಡಿಗನೊಬ್ಬ 19 ಹಾವುಗಳನ್ನು ಜೀವಂತ ಹಿಡಿದು ಪೀಪಾಯಿಗೆ ತುಂಬಿದ. ಅಲ್ಲಿನ ಅಧಿಕಾರಿ ಆ ಪೀಪಾಯಿಯನ್ನು ಸೈಗಾನ್‌ನ ಸಂಸ್ಥೆಗೆ ಕಳಿಸಿಕೊಟ್ಟರು.

ಮಲೆನಾಡಿನ ಮಕ್ಕಳಾದ ನಿಮಗೆ ಹಾವಿನ ಭಯ ಹೊಸದಲ್ಲ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಹೋಗುವಾಗ, ಕೊಟ್ಟಿಗೆಯಲ್ಲಿ ಸೊಪ್ಪು ಹರಡುವಾಗ, ಕಟ್ಟಿಗೆ ರಾಶಿಗೆ ಕೈ ಹಾಕುವಾಗ ಹಿರಿಯರು ಎಚ್ಚರಿಸುತ್ತಾರೆ. ಪೀಪಾಯಿ ಬಂದಾಗ ಕಾಲ್ಮೆಟ್ ಅವರಿಗೆ ಒಂದು ಯೋಚನೆ ಹೊಳೆಯಿತು. ವಿಷವನ್ನು ಪ್ರಾಣಿಗೆ ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟು ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ, ಅದರ ರಕ್ತದಲ್ಲಿ ವಿಷವನ್ನು ತಡೆಯುವ ವಸ್ತು ಹುಟ್ಟಬಹುದಲ್ಲವೆ? ಆ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಹಾವು ಕಚ್ಚಿದವರಿಗೆ ಕೊಟ್ಟರೆ ಅವರು ಉಳಿಯಬಹುದಲ್ಲವೆ?

ಸೈಗಾನ್‌ನಲ್ಲಿ ಅವರ ಆರೋಗ್ಯ ಕೆಟ್ಟಿದ್ದರಿಂದ 1893ರಲ್ಲಿ ಫ್ರಾನ್ಸಿಗೆ ಮರಳಬೇಕಾಯಿತು. ಆದರೆ ಕೆಲಸ ನಿಲ್ಲಲಿಲ್ಲ. 1894ರಲ್ಲಿ ಅವರು ತಮ್ಮ ಪ್ರಯೋಗದ ಫಲವನ್ನು ಪ್ರಕಟಿಸಿದರು. ಅದೇ ವೇಳೆಗೆ ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಎಂಬ ಇಬ್ಬರು ವಿಜ್ಞಾನಿಗಳೂ ಬೇರೆಯಾಗಿ ಇದನ್ನೇ ಕಂಡುಕೊಂಡಿದ್ದರು. ಕುದುರೆಗಳ ರಕ್ತದಿಂದ ನಾಗರಹಾವಿನ ವಿಷಕ್ಕೆ ಪ್ರತಿವಿಷ ತಯಾರಾಯಿತು.

ಇಲ್ಲಿ ಕಾಲ್ಮೆಟ್ ಒಂದು ತಪ್ಪನ್ನೂ ಮಾಡಿದರು. ನಾಗರಹಾವಿಗೆ ಮಾಡಿದ ಪ್ರತಿವಿಷ ಎಲ್ಲ ಹಾವುಗಳಿಗೂ ಆಗುತ್ತದೆ ಎಂದು ಅವರು ಮೊದಲು ನಂಬಿದ್ದರು. ಬೇರೆ ವಿಜ್ಞಾನಿಗಳು ಪರೀಕ್ಷಿಸಿ ಅದು ಸರಿಯಲ್ಲ ಎಂದು ತೋರಿಸಿದರು. ಒಂದೊಂದು ಬಗೆಯ ಹಾವಿನ ವಿಷವೂ ಬೇರೆ. ಈಗ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷ ಬಳಸಿ ತಯಾರಿಸುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಕಾಡಿನಲ್ಲಿರುವ ಕಾಳಿಂಗ ಸರ್ಪದ ವಿಷ ಅದರಲ್ಲಿ ಸೇರಿಲ್ಲ. ವಿಜ್ಞಾನದಲ್ಲಿ ಯಾರು ಹೇಳಿದರು ಎಂಬುದಕ್ಕಿಂತ ಪರೀಕ್ಷೆಯಲ್ಲಿ ಏನು ಕಂಡಿತು ಎಂಬುದು ದೊಡ್ಡದು.

ಸಾಲದ ಕೊಪ್ಪೆ, ಸ್ವಂತ ಕೊಪ್ಪೆ

ಪ್ರತಿವಿಷಕ್ಕೂ ಲಸಿಕೆಗೂ ಏನು ವ್ಯತ್ಯಾಸ? ಮಳೆಯಲ್ಲಿ ನೆನೆಯುತ್ತಿರುವವನಿಗೆ ನಿಮ್ಮ ಕಂಬಳಿಕೊಪ್ಪೆಯನ್ನು ಕೊಟ್ಟರೆ ಆ ಹೊತ್ತಿಗೆ ಅವನು ಒದ್ದೆಯಾಗುವುದು ತಪ್ಪುತ್ತದೆ. ಆದರೆ ಅದು ಸಾಲದ ಕೊಪ್ಪೆ. ಸ್ವಲ್ಪ ದಿನಕ್ಕೆ ಇಲ್ಲವಾಗುತ್ತದೆ. ಪ್ರತಿವಿಷ ಹೀಗೆ. ಬೇರೆ ಪ್ರಾಣಿಯ ದೇಹ ತಯಾರಿಸಿದ ರಕ್ಷಣೆಯನ್ನು ನಮಗೆ ಕೊಡುತ್ತದೆ. ಕೊಪ್ಪೆ ಹೊಲಿಯುವುದನ್ನೇ ಕಲಿಸಿದರೆ? ಮಳೆ ಯಾವಾಗ ಬಂದರೂ ತನ್ನ ಕೊಪ್ಪೆಯನ್ನು ತಾನೇ ಮಾಡಿಕೊಳ್ಳುತ್ತಾನೆ. ಲಸಿಕೆ ಮಾಡುವುದು ಈ ಕೆಲಸವನ್ನು. ರೋಗಾಣುವನ್ನು ಗುರುತಿಸಿ ಎದುರಿಸಲು ನಮ್ಮ ದೇಹಕ್ಕೆ ಮುಂಚೆಯೇ ಕಲಿಸುತ್ತದೆ.

ಕಾಲ್ಮೆಟ್ ಮೊದಲು ಮಾಡಿದ್ದು ಸಾಲದ ಕೊಪ್ಪೆ. ಇನ್ನು ಮುಂದೆ ಅವರು ಹೊರಟಿದ್ದು ಸ್ವಂತ ಕೊಪ್ಪೆಯ ಕೆಲಸಕ್ಕೆ.

ಲಿಲ್ ನಗರದ ಕೆಮ್ಮು

1895ರಲ್ಲಿ ಕಾಲ್ಮೆಟ್ ಅವರನ್ನು ಲಿಲ್ ನಗರದ ಹೊಸ ಪಾಶ್ಚರ್ ಸಂಸ್ಥೆಗೆ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಲಿಲ್ ಬಟ್ಟೆ ಗಿರಣಿಗಳ ಊರು. ಕಾರ್ಮಿಕರು ಗಾಳಿ ಬೆಳಕಿಲ್ಲದ ಸಣ್ಣ ಕೋಣೆಗಳಲ್ಲಿ ಒತ್ತೊತ್ತಾಗಿ ವಾಸಿಸುತ್ತಿದ್ದರು. ಅವರಲ್ಲಿ ಕ್ಷಯರೋಗ ಬಹಳವಾಗಿತ್ತು.

ಕ್ಷಯ ಎಂದರೆ ಸವೆಯುವುದು. ಈ ರೋಗ ಬಂದವರು ಕೆಮ್ಮುತ್ತಾ, ಸಂಜೆ ಜ್ವರದಿಂದ ನರಳುತ್ತಾ, ದಿನದಿನಕ್ಕೆ ಸವೆದುಹೋಗುತ್ತಿದ್ದರು. ಇದಕ್ಕೆ ಕಾರಣ ಒಂದು ಬ್ಯಾಕ್ಟೀರಿಯ ಎಂದು ಜರ್ಮನಿಯ ರಾಬರ್ಟ್ ಕಾಕ್ ತಿಳಿಸಿದ್ದು 1882ರ ಮಾರ್ಚ್ 24ರಂದು. ಆ ನೆನಪಿಗಾಗಿಯೇ ಪ್ರತಿ ವರ್ಷ ಮಾರ್ಚ್ 24ನ್ನು ವಿಶ್ವ ಕ್ಷಯರೋಗ ದಿನ ಎಂದು ಆಚರಿಸುತ್ತೇವೆ. ಕಾರಣ ಗೊತ್ತಾಗಿದ್ದರೂ ಔಷಧ ಮಾತ್ರ ಸಿಕ್ಕಿರಲಿಲ್ಲ. ರೋಗಿ ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣು ಬೇರೆಯವರ ಶ್ವಾಸಕೋಶಕ್ಕೆ ಹೋಗುತ್ತದೆ. ಪುಟ್ಟ ಮಕ್ಕಳಲ್ಲಿ ಅದು ರಕ್ತದ ಮೂಲಕ ಮಿದುಳಿನ ಪೊರೆಗೂ ಹರಡಬಲ್ಲದು. ಹಾಗಾದ ಮಕ್ಕಳು ಉಳಿಯುತ್ತಿರಲಿಲ್ಲ.

ನಮ್ಮ ನಾಡಿನಲ್ಲೂ ಹೀಗೆಯೇ ಇತ್ತು. ಬಡವರ ಮನೆಯನ್ನಷ್ಟೇ ಅಲ್ಲ, ಅರಮನೆಯನ್ನೂ ಈ ರೋಗ ಬಿಡಲಿಲ್ಲ. ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕಟ್ಟಿದ ಕ್ಷಯರೋಗ ಆಸ್ಪತ್ರೆ ಇಂದಿಗೂ ಇದೆ.

1901ರಲ್ಲಿ ಕಾಲ್ಮೆಟ್ ಲಿಲ್‌ನಲ್ಲಿ ಕ್ಷಯ ರೋಗಿಗಳಿಗಾಗಿ ಒಂದು ಚಿಕಿತ್ಸಾಲಯ ತೆರೆದರು. ಅಲ್ಲಿ ರೋಗಿಗಳನ್ನು ಪರೀಕ್ಷಿಸುತ್ತಿದ್ದರು, ಮನೆಯಲ್ಲಿ ಬೇರೆಯವರಿಗೆ ಹರಡದಂತೆ ಹೇಗಿರಬೇಕು ಎಂದು ತಿಳಿಸುತ್ತಿದ್ದರು. ಆದರೆ ಇಷ್ಟರಿಂದ ರೋಗ ನಿಲ್ಲದು, ಲಸಿಕೆಯೇ ಬೇಕು ಎಂದು ಅವರಿಗೆ ಅನ್ನಿಸಿತು.

ಆ ಹೊತ್ತಿಗೆ ಕಮಿಲ್ ಗೆರಾನ್ ಎಂಬ ಯುವಕ ಅವರ ಜೊತೆ ಸೇರಿದ್ದರು. ಗೆರಾನ್ ಪಶುವೈದ್ಯರು. ಅವರ ತಂದೆ ಕ್ಷಯದಿಂದ ಸತ್ತಿದ್ದರು. ಮುಂದೆ ಅವರ ಪತ್ನಿಯೂ ಅದೇ ರೋಗಕ್ಕೆ ಬಲಿಯಾದರು. ಈ ಕೆಲಸ ಅವರಿಗೆ ಬರೀ ಪ್ರಯೋಗವಾಗಿರಲಿಲ್ಲ.

ಆಲೂಗಡ್ಡೆಯ ಮೇಲೆ 13 ವರ್ಷ

ಮನುಷ್ಯರಂತೆ ದನಗಳಿಗೂ ಕ್ಷಯ ಬರುತ್ತದೆ. ದನದ ಕ್ಷಯಾಣು ಮನುಷ್ಯರ ಕ್ಷಯಾಣುವಿಗೆ ಹತ್ತಿರದ ನೆಂಟ. ಅದು ಕಾಯಿಸದ ಹಾಲಿನ ಮೂಲಕ ನಮಗೂ ಬರಬಹುದು. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯಬೇಕೆಂದು ಹೇಳುವುದು ಇದಕ್ಕಾಗಿಯೂ ಹೌದು. ಕಾಲ್ಮೆಟ್ ಮತ್ತು ಗೆರಾನ್ ರೋಗದ ಹಸುವಿನಿಂದ ದೊರೆತ ಅಂಥ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದರು. ಗ್ಲಿಸರಿನ್ ಸೇರಿಸಿ ಬೇಯಿಸಿದ ಆಲೂಗಡ್ಡೆಯ ಹೋಳೇ ಅದರ ಹೊಲ.

ಒಂದು ತೊಂದರೆ ಎದುರಾಯಿತು. ಬ್ಯಾಕ್ಟೀರಿಯ ಗಂಟು ಗಂಟಾಗಿ ಅಂಟಿಕೊಳ್ಳುತ್ತಿತ್ತು. ಗಂಟು ಬಿಡಿಸಲು ದನದ ಪಿತ್ತರಸವನ್ನು ಸೇರಿಸಿದರು. ಎಣ್ಣೆ ಜಿಡ್ಡನ್ನು ಸೀಗೆಕಾಯಿ ಬಿಡಿಸುವಂತೆ ಪಿತ್ತರಸ ಗಂಟನ್ನು ಬಿಡಿಸಿತು. ಆಗ ಯಾರೂ ನಿರೀಕ್ಷಿಸದ ಸಂಗತಿ ಕಂಡುಬಂತು. ಪಿತ್ತರಸದಲ್ಲಿ ಬೆಳೆದ ಬ್ಯಾಕ್ಟೀರಿಯ ನಿಧಾನವಾಗಿ ತನ್ನ ಉಗ್ರತೆಯನ್ನು ಕಳೆದುಕೊಳ್ಳುತ್ತಿತ್ತು!

ಇಬ್ಬರೂ ಇದನ್ನು ಗಮನಿಸಿದರು. ಹೀಗೆಯೇ ಬೆಳೆಸುತ್ತಾ ಹೋದರೆ ರೋಗ ತರುವ ಶಕ್ತಿ ಪೂರ್ತಿ ಹೋಗಬಹುದೇ? ಜೀವ ಉಳಿದು, ಕೆಡುಕು ಮಾತ್ರ ಹೋದ ಬ್ಯಾಕ್ಟೀರಿಯ ಸಿಕ್ಕರೆ ಅದೇ ಲಸಿಕೆಯಾಗುತ್ತದಲ್ಲವೆ? 1908ರಲ್ಲಿ ಕೆಲಸ ಶುರುವಾಯಿತು. ಸುಮಾರು ಮೂರು ವಾರಕ್ಕೊಮ್ಮೆ ಬೆಳೆದ ಬ್ಯಾಕ್ಟೀರಿಯದಿಂದ ಸ್ವಲ್ಪ ತೆಗೆದು ಹೊಸ ಆಲೂಗಡ್ಡೆಯ ಹೋಳಿಗೆ ನಾಟಿ ಮಾಡಬೇಕು. ಮತ್ತೆ ಮೂರು ವಾರ ಕಾಯಬೇಕು. ಮತ್ತೆ ನಾಟಿ. ಸಸಿಮಡಿಯಿಂದ ಗದ್ದೆಗೆ ನೆಡುವಂತೆ, ಆದರೆ ವರ್ಷಕ್ಕೊಮ್ಮೆಯಲ್ಲ, ಎಡೆಬಿಡದೆ. ನಡುನಡುವೆ ಗಿನಿಪಿಗ್ ಎಂಬ ಪುಟ್ಟ ಪ್ರಾಣಿಗಳಿಗೂ ಕರುಗಳಿಗೂ ಕೊಟ್ಟು ಇನ್ನೂ ರೋಗ ತರುತ್ತದೆಯೇ ಎಂದು ಪರೀಕ್ಷಿಸಬೇಕು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಅಕ್ಟೋಬರ್‌ನಲ್ಲಿ ಜರ್ಮನ್ ಸೇನೆ ಲಿಲ್ ನಗರವನ್ನು ಹಿಡಿಯಿತು. ನಾಲ್ಕು ವರ್ಷ ನಗರ ಅವರ ವಶದಲ್ಲೇ ಇತ್ತು. ಕರುಗಳ ಮೇಲಿನ ಪರೀಕ್ಷೆ ನಿಂತುಹೋಯಿತು. ತಿನ್ನಲು ಆಲೂಗಡ್ಡೆ ಸಿಗುವುದೇ ಕಷ್ಟ. ಅಂಥದರಲ್ಲಿ ಪ್ರಯೋಗಕ್ಕೆ ಎಲ್ಲಿಂದ ತರುವುದು? 1918ರಲ್ಲಿ ಕಾಲ್ಮೆಟ್ ಅವರ ಪತ್ನಿ ಎಮಿಲಿಯವರನ್ನು ಬೇರೆ ಮಹಿಳೆಯರೊಂದಿಗೆ ಒತ್ತೆಯಾಳಾಗಿ ಜರ್ಮನಿಗೆ ಕರೆದೊಯ್ದರು. ಮನೆಯ ಚಿಂತೆ, ಊರಿನ ಚಿಂತೆಗಳ ನಡುವೆಯೂ ಮೂರು ವಾರಕ್ಕೊಮ್ಮೆ ನಾಟಿ ಮಾಡುವುದು ಮಾತ್ರ ತಪ್ಪಲಿಲ್ಲ. ಒಂದು ಸಲ ತಪ್ಪಿ ಬ್ಯಾಕ್ಟೀರಿಯ ಸತ್ತಿದ್ದರೆ ಅಷ್ಟೂ ವರ್ಷಗಳ ಕೆಲಸ ಮಣ್ಣುಪಾಲಾಗುತ್ತಿತ್ತು.

ಹೀಗೆ 13 ವರ್ಷ, 230 ಬಾರಿ ನಾಟಿ. ಕೊನೆಗೆ ಆ ಬ್ಯಾಕ್ಟೀರಿಯವನ್ನು ಯಾವ ಪ್ರಾಣಿಗೆ ಕೊಟ್ಟರೂ ಕ್ಷಯ ಬರಲಿಲ್ಲ. ಅದು ಏಕೆ ಸೌಮ್ಯವಾಯಿತು ಎಂಬುದು ಕಾಲ್ಮೆಟ್ ಅವರ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಬ್ಯಾಕ್ಟೀರಿಯದ ಜೀನ್‌ಗಳನ್ನು ಓದುವ ವಿಧಾನ ಬಂದ ಮೇಲೆ, 1990ರ ದಶಕದಲ್ಲಿ, ಉತ್ತರ ಸಿಕ್ಕಿತು. ರೋಗ ತರಲು ಬೇಕಾದ ಜೀನ್‌ಗಳ ಒಂದು ತುಂಡೇ ಅದರಿಂದ ಕಳೆದುಹೋಗಿತ್ತು. ಕಳ್ಳನ ಕೈಯಿಂದ ಬೀಗ ಮುರಿಯುವ ಹಾರೆ ಬಿದ್ದುಹೋದ ಹಾಗೆ!

ಮೊದಲ ಮಗು

1919ರಲ್ಲಿ ಕಾಲ್ಮೆಟ್ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗೆ ಬಂದರು. 1921ರ ಜುಲೈನಲ್ಲಿ ಪ್ಯಾರಿಸ್‌ನ ಆಸ್ಪತ್ರೆಯೊಂದರಲ್ಲಿ ಒಂದು ಮಗು ಹುಟ್ಟಿತು. ತಾಯಿ ಕ್ಷಯರೋಗಿ. ಹೆತ್ತ ಸ್ವಲ್ಪ ಹೊತ್ತಿಗೇ ತೀರಿಕೊಂಡಳು. ಮಗುವನ್ನು ಸಾಕಬೇಕಾದವಳು ಅಜ್ಜಿ. ಆಕೆಗೂ ಕ್ಷಯ. ಅಜ್ಜಿಯ ಮಡಿಲಿನಲ್ಲಿ ಬೆಳೆದರೆ ಮಗುವಿಗೆ ರೋಗ ಅಂಟುವುದು ಖಂಡಿತ. ಬೆಳೆಸಲು ಬೇರೆ ಯಾರೂ ಇಲ್ಲ.

ವೈದ್ಯರಾದ ವೈಲ್ ಹಾಲೆ ಮತ್ತು ತುರ್ಪಾನ್ ಯೋಚಿಸಿದರು. ಹೊಸ ಲಸಿಕೆಯನ್ನು ಅದುವರೆಗೆ ಯಾವ ಮಗುವಿಗೂ ಕೊಟ್ಟಿರಲಿಲ್ಲ. ಕೊಟ್ಟರೆ ಏನಾಗುವುದೋ ಎಂಬ ಭಯ ಒಂದು ಕಡೆ, ಕೊಡದಿದ್ದರೆ ಏನಾಗುವುದು ಎಂಬ ಅರಿವು ಇನ್ನೊಂದು ಕಡೆ. ಕೊನೆಗೆ ಕಾಲ್ಮೆಟ್ ಅವರ ಲಸಿಕೆಯನ್ನು ಆ ಶಿಶುವಿಗೆ ಬಾಯಿಯ ಮೂಲಕ ಕುಡಿಸಿದರು. ದಿನಗಳು, ತಿಂಗಳುಗಳು ಕಳೆದವು. ಮಗು ಆರೋಗ್ಯವಾಗಿ ಬೆಳೆಯಿತು. ಅಜ್ಜಿಯ ಜೊತೆಗಿದ್ದರೂ ಅದಕ್ಕೆ ಕ್ಷಯ ಬರಲಿಲ್ಲ.

1924ರಿಂದ ಲಸಿಕೆಯ ತಯಾರಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಶಿಶುಗಳಿಗೆ ಕೊಟ್ಟರು. ಬ್ಯಾಕ್ಟೀರಿಯದ ಬೀಜವನ್ನು ಅನೇಕ ದೇಶಗಳ ಪ್ರಯೋಗಾಲಯಗಳಿಗೂ ಕಳಿಸಿಕೊಟ್ಟರು.

ಲ್ಯೂಬೆಕ್‌ನ ದುಃಖ

ಅಂಥ ಒಂದು ಪ್ರಯೋಗಾಲಯ ಜರ್ಮನಿಯ ಲ್ಯೂಬೆಕ್ ನಗರದಲ್ಲಿತ್ತು. 1929ರ ಕೊನೆಯಿಂದ ಅಲ್ಲಿನ ಹಸುಗೂಸುಗಳಿಗೆ ಲಸಿಕೆ ಕುಡಿಸತೊಡಗಿದರು. 1930ರ ವಸಂತದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕಾಯಿಲೆ ಬಿದ್ದರು. ಕಾಯಿಲೆ ಬೇರೆ ಯಾವುದೂ ಅಲ್ಲ, ಕ್ಷಯವೇ. ಲಸಿಕೆ ಪಡೆದ ಸುಮಾರು 250 ಶಿಶುಗಳಲ್ಲಿ 70ಕ್ಕೂ ಹೆಚ್ಚು ಶಿಶುಗಳು ಸತ್ತವು.

ಎಲ್ಲರ ಬೆರಳೂ ಕಾಲ್ಮೆಟ್ ಅವರ ಕಡೆ ತಿರುಗಿತು. ಸೌಮ್ಯವಾಗಿದ್ದ ಬ್ಯಾಕ್ಟೀರಿಯ ಮತ್ತೆ ಉಗ್ರವಾಗಿದೆ, ಈ ಲಸಿಕೆಯನ್ನು ನಂಬಬಾರದು ಎಂದು ಪತ್ರಿಕೆಗಳು ಬರೆದವು. ಕಾಲ್ಮೆಟ್ ಅವರಿಗೆ ಆಗ 66 ವರ್ಷ. ಮಕ್ಕಳನ್ನು ಉಳಿಸಲೆಂದು ಜೀವನವಿಡೀ ದುಡಿದವರ ಹೆಸರು ಮಕ್ಕಳ ಸಾವಿನ ಜೊತೆ ಸೇರಿಹೋಯಿತು. ಅವರು ತುಂಬಾ ನೊಂದರು.

ಜರ್ಮನ್ ವಿಜ್ಞಾನಿಗಳು ಎಚ್ಚರಿಕೆಯಿಂದ ತನಿಖೆ ನಡೆಸಿದರು. ಪ್ಯಾರಿಸ್‌ನಿಂದ ಹೋದ ಅದೇ ಬೀಜವನ್ನು ಬಳಸಿದ ಬೇರೆ ಊರುಗಳಲ್ಲಿ ಯಾವ ಮಗುವಿಗೂ ತೊಂದರೆಯಾಗಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ? ಲ್ಯೂಬೆಕ್‌ನ ಪ್ರಯೋಗಾಲಯದಲ್ಲಿ ರೋಗ ತರುವ ಉಗ್ರ ಕ್ಷಯಾಣುವನ್ನೂ ಬೆಳೆಸುತ್ತಿದ್ದರು. ಅದು ಲಸಿಕೆಗೆ ಬೆರೆತುಹೋಗಿತ್ತು. ಮಕ್ಕಳಿಗೆ ಕೊಡುವ ಮುನ್ನ ಪ್ರಾಣಿಗಳ ಮೇಲೆ ಪರೀಕ್ಷಿಸಿಯೂ ಇರಲಿಲ್ಲ. 1932ರಲ್ಲಿ ನ್ಯಾಯಾಲಯ ಅಲ್ಲಿನ ಇಬ್ಬರು ವೈದ್ಯರಿಗೆ ಶಿಕ್ಷೆ ವಿಧಿಸಿತು. ಬಿ.ಸಿ.ಜಿ. ಬ್ಯಾಕ್ಟೀರಿಯದ ತಪ್ಪಿಲ್ಲ ಎಂದು ಸ್ಪಷ್ಟವಾಯಿತು.

ಆದರೆ ಸತ್ತ ಮಕ್ಕಳು ಮರಳಲಿಲ್ಲ. ಆ ದುಃಖದಿಂದ ಜಗತ್ತು ಪಾಠವೊಂದನ್ನು ಕಲಿಯಿತು. ಲಸಿಕೆ ತಯಾರಿಸುವ ಕೋಣೆಯಲ್ಲಿ ಉಗ್ರ ರೋಗಾಣುವಿಗೆ ಜಾಗವಿರಬಾರದು. ಪ್ರತಿ ತಂಡದ ಲಸಿಕೆಯನ್ನೂ ಹೊರಗೆ ಕಳಿಸುವ ಮುನ್ನ ಪರೀಕ್ಷಿಸಬೇಕು. ಇಂದು ನಿಮ್ಮೂರಿಗೆ ಬರುವ ಪ್ರತಿ ಸೀಸೆಯ ಮೇಲೆ ತಯಾರಿಕೆಯ ತಂಡದ ಸಂಖ್ಯೆ ಮತ್ತು ದಿನಾಂಕ ಅಚ್ಚಾಗಿರುತ್ತದೆ. ಏನಾದರೂ ತಪ್ಪಾದರೆ ಅದರ ಮೂಲವನ್ನು ಹುಡುಕಲು ಇದು ದಾರಿ.

ಕಾಲ್ಮೆಟ್ 1933ರ ಅಕ್ಟೋಬರ್ 29ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. ಲಸಿಕೆಯ ಮೇಲಿನ ಅನುಮಾನ ಆಗಲೂ ಪೂರ್ತಿ ಹೋಗಿರಲಿಲ್ಲ. ಗೆರಾನ್ ಅವರು 1961ರವರೆಗೆ ಬದುಕಿದ್ದರು. ಲಕ್ಷಾಂತರ ಮಕ್ಕಳಿಗೆ ಈ ಲಸಿಕೆ ತಲುಪಿದ್ದನ್ನು ಕಾಣುವ ಭಾಗ್ಯ ಅವರದಾಯಿತು.

ಮಲೆನಾಡಿಗೆ ಬಂದ ಸೀಸೆ

ನಮ್ಮ ದೇಶದಲ್ಲಿ ಬಿ.ಸಿ.ಜಿ. ಲಸಿಕೆ ಶುರುವಾದದ್ದು 1948ರಲ್ಲಿ. ಕೋಲಾರ ಜಿಲ್ಲೆಯ ಗಡಿಗೆ ಹತ್ತಿರದ ಮದನಪಲ್ಲಿಯಲ್ಲಿ ಮೊದಲು ಪ್ರಯತ್ನಿಸಿದರು. ಅದೇ ವರ್ಷ ಮದರಾಸಿನ ಗಿಂಡಿಯಲ್ಲಿ ಲಸಿಕೆ ತಯಾರಿಸುವ ಪ್ರಯೋಗಾಲಯ ಶುರುವಾಯಿತು. 1951ರಲ್ಲಿ ದೇಶದಾದ್ಯಂತ ದೊಡ್ಡ ಆಂದೋಲನ ಆರಂಭವಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1978ರಿಂದ ಬಿ.ಸಿ.ಜಿ. ಲಸಿಕೆ ಎಲ್ಲ ಶಿಶುಗಳಿಗೆ ಕೊಡುವ ಲಸಿಕೆಗಳ ಪಟ್ಟಿಯಲ್ಲಿದೆ.

ಈ ಲಸಿಕೆ ಬರುವುದು ಒಣ ಪುಡಿಯ ರೂಪದಲ್ಲಿ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ದ್ರವ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು. ಉಳಿದುದನ್ನು ಎಸೆಯಬೇಕು. ನಮ್ಮ ಮೂರು ತಾಲ್ಲೂಕುಗಳಲ್ಲಿ ಇದು ಸುಲಭದ ಕೆಲಸವಲ್ಲ. ಇಲ್ಲಿ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ಕೊಡಚಾದ್ರಿಯ ತಪ್ಪಲಿನಲ್ಲಿ ಮಳೆಗಾಲದಲ್ಲಿ ಹಳ್ಳ ದಾಟುವುದೇ ಸಾಹಸ. ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ ಕಡೆಯ ಹಳ್ಳಿಗಳಿಗೆ ಸಾಗರದಿಂದ ಹೋಗಬೇಕಾದರೆ ಲಾಂಚ್ ಕಾಯಬೇಕಿತ್ತು, ಇಲ್ಲವೇ ದೂರದ ಸುತ್ತುದಾರಿ ಹಿಡಿಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆದ ಮೇಲೆ ಆ ದಾರಿ ಸುಲಭವಾಗಿದೆ. ಮಂಜುಗಡ್ಡೆಯ ಪೊಟ್ಟಣಗಳನ್ನಿಟ್ಟ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ಬರುವ ಆರೋಗ್ಯ ಕಾರ್ಯಕರ್ತೆಯರೂ, ಮನೆ ಮನೆಗೆ ಹೋಗಿ ತಾಯಂದಿರನ್ನು ಕರೆತರುವ ಆಶಾ ಕಾರ್ಯಕರ್ತೆಯರೂ ಕಾಲ್ಮೆಟ್ ಅವರ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ.

ಲಸಿಕೆ ಹಾಕಿದ ಕೆಲವು ವಾರಗಳ ಮೇಲೆ ಆ ಜಾಗದಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಅದು ಒಡೆದು, ಒಣಗಿ ಕಲೆಯಾಗುತ್ತದೆ. ದೇಹದ ರಕ್ಷಣಾ ಕೋಶಗಳು ಸೌಮ್ಯ ಬ್ಯಾಕ್ಟೀರಿಯದೊಂದಿಗೆ ಹೋರಾಡಿ ಅದರ ಗುರುತನ್ನು ನೆನಪಿಟ್ಟುಕೊಂಡ ಜಾಗ ಅದು. ಗುಳ್ಳೆಗೆ ಸೊಪ್ಪಿನ ರಸ, ಅರಿಸಿನ, ಮುಲಾಮು ಏನನ್ನೂ ಹಚ್ಚಬಾರದು. ಕೆಲವರಿಗೆ ಕಲೆ ಉಳಿಯುವುದಿಲ್ಲ. ಅವರು ಹೆದರಬೇಕಿಲ್ಲ, ಮತ್ತೆ ಲಸಿಕೆ ಹಾಕಿಸಬೇಕಾಗಿಯೂ ಇಲ್ಲ.

ಬಿ.ಸಿ.ಜಿ. ಎಲ್ಲವನ್ನೂ ಮಾಡಬಲ್ಲುದೇ? ಇಲ್ಲ. ಪುಟ್ಟ ಮಕ್ಕಳನ್ನು ಮಿದುಳುಪೊರೆಯ ಕ್ಷಯದಿಂದ, ಮೈಯೆಲ್ಲಾ ಹರಡುವ ಕ್ಷಯದಿಂದ ಅದು ಚೆನ್ನಾಗಿ ಕಾಪಾಡುತ್ತದೆ. ಆದರೆ ದೊಡ್ಡವರಿಗೆ ಬರುವ ಶ್ವಾಸಕೋಶದ ಕ್ಷಯವನ್ನು ಅದು ನಂಬುವಷ್ಟು ತಡೆಯದು. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಿಂದ ನಡೆದ ಬಹು ದೊಡ್ಡ ಪರೀಕ್ಷೆ ಇದನ್ನು ತೋರಿಸಿತು. ಆದ್ದರಿಂದಲೇ ಇನ್ನೂ ಒಳ್ಳೆಯ ಲಸಿಕೆಗಾಗಿ ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ. ಈಗ ಕ್ಷಯಕ್ಕೆ ಒಳ್ಳೆಯ ಔಷಧಗಳಿವೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಅವು ಉಚಿತ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಲು ಹೇಳಿ. ಕ್ಷಯ ಬಂದವರನ್ನು ದೂರ ಮಾಡಬಾರದು. ಔಷಧವನ್ನು ಅರ್ಧಕ್ಕೆ ಬಿಡದೆ ಪೂರ್ತಿ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹೊಸ ಪಾಪು ಬಂದಿದೆಯೇ? ಅದರ ತಾಯಿ ಕಾರ್ಡನ್ನು ತೆಗೆದು ನೋಡಿ. ಬಿ.ಸಿ.ಜಿ. ಎಂಬ ಮೂರು ಅಕ್ಷರಗಳ ಮುಂದೆ ದಿನಾಂಕ ಬರೆದಿದೆಯೇ? ಬರೆದಿರದಿದ್ದರೆ ಅಮ್ಮನಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಹುಟ್ಟಿದಾಗ ತಪ್ಪಿದ್ದರೂ ಒಂದು ವರ್ಷ ತುಂಬುವುದರೊಳಗೆ ಹಾಕಿಸಬಹುದು.

ಮಾಡಿ ನೋಡಿ

1. ಕಾಲ್ಮೆಟ್ ಮತ್ತು ಗೆರಾನ್ 13 ವರ್ಷಗಳಲ್ಲಿ 230 ಬಾರಿ ನಾಟಿ ಮಾಡಿದರು. ಹಾಗಾದರೆ ಸರಾಸರಿ ಎಷ್ಟು ದಿನಕ್ಕೊಮ್ಮೆ ನಾಟಿ ಮಾಡಿದಂತಾಯಿತು? ವರ್ಷಕ್ಕೆ 365 ದಿನ ಎಂದು ಹಿಡಿದು ಲೆಕ್ಕ ಮಾಡಿ.

2. ನಿಮ್ಮ ತರಗತಿಯಲ್ಲಿ ಎಷ್ಟು ಮಂದಿಯ ತೋಳಿನಲ್ಲಿ ಬಿ.ಸಿ.ಜಿ. ಕಲೆ ಇದೆ, ಎಷ್ಟು ಮಂದಿಗೆ ಇಲ್ಲ ಎಂದು ಎಣಿಸಿ ಪಟ್ಟಿ ಮಾಡಿ. ಮನೆಯ ಅಜ್ಜ ಅಜ್ಜಿಯರ ತೋಳನ್ನೂ ನೋಡಿ. ಅವರಿಗೆ ಇರುವ ದೊಡ್ಡ ಕಲೆ ಬೇರೊಂದು ರೋಗದ ಲಸಿಕೆಯದಾಗಿರಬಹುದು. ಅದು ಯಾವ ರೋಗ ಎಂದು ಅವರನ್ನೇ ಕೇಳಿ.

3. ಮಂಗನ ಕಾಯಿಲೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಪತ್ತೆಯಾಯಿತು. ಅದಕ್ಕೆ ಕಾರಣ ಬ್ಯಾಕ್ಟೀರಿಯವೋ ವೈರಸ್ಸೋ? ಕ್ಷಯಕ್ಕೂ ಅದಕ್ಕೂ ಹರಡುವ ರೀತಿಯಲ್ಲಿ ಏನು ವ್ಯತ್ಯಾಸ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.